ಗೊರ್ದಿತವನ್ನು ಗೊರ್ದಿತ ಎಂದೇ ಕರೆಯೋಣ

ಮೆಕ್ಸಿಕೋದ ಬೀದಿ ಬದಿಯಲ್ಲಿ, ಸಂತೆಯಲ್ಲಿ, ಬಸ್ ನಿಲ್ದಾಣದ ಎದುರಿನಲ್ಲಿ ಸಿಗುವ ತಿನಿಸೊಂದಿದೆ. ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಅಂಗೈಗಳ ನಡುವೆ ತಟ್ಟಿ ದಪ್ಪನೆಯ ಬಿಲ್ಲೆ ಮಾಡುತ್ತಾರೆ. ಕಾವಲಿಯ ಮೇಲೆ ಎರಡೂ ಬದಿ ಬೇಯಿಸುತ್ತಾರೆ, ಕೆಲವು ಕಡೆ ಹಂದಿಯ ಕೊಬ್ಬಿನಲ್ಲಿ ಕರಿಯುವುದೂ ಉಂಟು. ಬಿಸಿಗೆ ಅದು ಉಬ್ಬುತ್ತದೆ. ಉಬ್ಬಿದ್ದರ ಅಂಚನ್ನು ಚಾಕುವಿನಿಂದ ಸೀಳಿ ಜೇಬಿನಂತೆ ಬಾಯಿ ತೆರೆದು, ಒಳಗೆ ಬೇಯಿಸಿ ಅರೆದ ಹುರುಳಿಕಾಯಿ ಬೀಜ, ಕಳ್ಳಿಯ ಎಳೆಹಾಳೆಯ ಪಲ್ಯ, ಖೀಮಾ, ಚೀಸ್ ಬೆರೆಸಿದ ಮೆಣಸಿನಕಾಯಿ ಸೀಳುಗಳು, ಹೀಗೆ ಅಂದಿನ ಪಾತ್ರೆಯಲ್ಲಿ ಏನಿದೆಯೋ ಅದನ್ನು ತುಂಬಿ ಕೈಗೆ ಕೊಡುತ್ತಾರೆ. ಇದರ ಹೆಸರು ಗೊರ್ದಿತ. ಸ್ಪ್ಯಾನಿಷಿನಲ್ಲಿ ‘ಗೊರ್ದ’ ಎಂದರೆ ದಪ್ಪಗಿರುವವಳು. ‘ಇತ’ ಎಂಬ ಪ್ರತ್ಯಯ ಹಚ್ಚಿದರೆ ಮಾತಿಗೆ ಪುಟ್ಟದು, ಮುದ್ದಿನದು ಎಂಬ ಬಣ್ಣ ಬರುತ್ತದೆ. ನಮ್ಮಲ್ಲಿ ಮಗುವನ್ನು ‘ಡುಮ್ಮಿ’ ಎಂದು ಕರೆದಂತೆ, ಬೈಗುಳವಲ್ಲ, ಅಕ್ಕರೆ. ಇಂಥ ತಿನಿಸಿನ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವರ ಕೈ ತಾನಾಗಿಯೇ ‘ಹೂರಣ ತುಂಬಿದ ದಪ್ಪ ಮೆಕ್ಕೆಜೋಳದ ರೊಟ್ಟಿ’ ಎಂದೋ, ಇನ್ನೂ ಸುಲಭವಾಗಲೆಂದು ‘ಮೆಕ್ಸಿಕನ್ ಪರಾಠ’ ಎಂದೋ ಬರೆಯಲು ಹೋಗುತ್ತದೆ. ಓದುಗರಿಗೆ ಅರ್ಥವಾಗಲಿ ಎಂಬ ಸದುದ್ದೇಶವೇ ಅದರ ಹಿಂದಿರುವುದು. ಆದರೂ ಅದು ತಪ್ಪು ದಾರಿ ಎಂಬುದು ನನ್ನ ವಾದ. ಗೊರ್ದಿತವನ್ನು ಗೊರ್ದಿತ ಎಂದೇ ಬರೆಯಬೇಕು. ಹಾಗೆ ಬರೆದ ಮೇಲೆ, ಆ ಹೆಸರು ಹೇಳದೆ ಬಿಟ್ಟಿದ್ದನ್ನು ನಾವು ಬಿಡಿಸಿ ಹೇಳಬೇಕು.

ಮೊದಲಿಗೆ, ‘ದಪ್ಪ ಮೆಕ್ಕೆಜೋಳದ ರೊಟ್ಟಿ’ ಎಂಬ ವಿವರಣೆ ಯಾವುದನ್ನೂ ಗುರುತಿಸುವುದಿಲ್ಲ. ಮೆಕ್ಸಿಕೋದಲ್ಲಿ ಅದೇ ಹಿಟ್ಟಿನಿಂದ ಆಗುವ ದಪ್ಪ ತಿನಿಸುಗಳ ಒಂದು ದೊಡ್ಡ ಮನೆತನವೇ ಇದೆ. ತ್ಲಾಕೊಯೊ ಎಂಬುದು ಎರಡೂ ತುದಿ ಚೂಪಾದ ಅಂಡಾಕಾರದ್ದು. ಅದರ ಹೂರಣ ಬೇಯಿಸುವ ಮೊದಲೇ ಒಳಗೆ ಸೇರಿರುತ್ತದೆ, ಹೆಚ್ಚಾಗಿ ಅರೆದ ಬೀನ್ಸ್. ಸೋಪೆಗೆ ಹೂರಣವೇ ಇಲ್ಲ. ಬಿಸಿಯಿದ್ದಾಗಲೇ ಬೆರಳಿನಿಂದ ಚಿವುಟಿ ಅಂಚು ಎಬ್ಬಿಸಿ ತಟ್ಟೆಯಂತೆ ಮಾಡಿ ಮೇಲೆ ಹರಡುತ್ತಾರೆ. ಉವಾರಾಚೆ ಚಪ್ಪಲಿಯ ಆಕಾರದ್ದು, ಅದರ ಹೆಸರಿನ ಅರ್ಥವೂ ಚಪ್ಪಲಿಯೇ. ಯುಕತಾನಿನ ಪನೂಚೊ, ಉವಾಸ್ತೆಕ ಸೀಮೆಯ ಬೊಕೊಲ್, ಒಹಾಕದ ಮೆಮೆಲ ಇವೆಲ್ಲ ಬೇರೆ ಬೇರೆ. ಗೊರ್ದಿತದ ಒಳಗೇ ಪಂಗಡಗಳಿವೆ. ಮೆಕ್ಸಿಕೋ ನಗರದಲ್ಲಿ ಹಂದಿಯ ಚರ್ಮದ ಕುರುಕನ್ನು ಹಿಟ್ಟಿನೊಳಗೆ ಮೊದಲೇ ಸೇರಿಸಿ ಮಾಡುವುದೊಂದು. ಗ್ವಾದಲೂಪೆ ಮಾತೆಯ ಬಸಿಲಿಕದ ಬಳಿ ಯಾತ್ರಿಕರಿಗೆ ಮಾರುವುದು ಇನ್ನೊಂದು. ನಾಣ್ಯಕ್ಕಿಂತ ತುಸು ದೊಡ್ಡದಾದ, ಸಿಹಿಯಾದ ಬಿಲ್ಲೆಗಳನ್ನು ಬಣ್ಣದ ತೆಳು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ನಮ್ಮಲ್ಲಿ ಪಡ್ಡು, ಇಡ್ಲಿ, ದೋಸೆ, ಉತ್ತಪ್ಪ ಎಲ್ಲವನ್ನೂ ‘ಹುಳಿ ಬಂದ ಅಕ್ಕಿ–ಉದ್ದಿನ ಹಿಟ್ಟಿನ ತಿಂಡಿ’ ಎಂದು ಯಾರಾದರೂ ಬರೆದರೆ ಸುಳ್ಳೆನ್ನಲಾಗದು, ಆದರೆ ಅದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ಇಡ್ಲಿಯನ್ನು ಇಂಗ್ಲಿಷಿನವರು ಅಕ್ಕಿ ಕೇಕ್ ಎಂದಾಗ ನಗುವ ನಾವು ಅದೇ ಕೆಲಸವನ್ನು ಮೆಕ್ಸಿಕೋದವರ ಮೇಲೆ ಮಾಡುವುದಕ್ಕೆ ಕಾರಣ ಬೇಕಲ್ಲ.

ಈ ಕೆಲಸವನ್ನು ಐನೂರು ವರ್ಷಗಳ ಹಿಂದೆಯೇ ಒಬ್ಬರು ಮಾಡಿ ಮುಗಿಸಿದ್ದಾರೆ. 1519ರಲ್ಲಿ ಎರ್ನಾನ್ ಕೊರ್ತೇಸ್ ತನ್ನ ಪಡೆಯೊಂದಿಗೆ ಮೆಕ್ಸಿಕೋದ ಕರಾವಳಿಗೆ ಇಳಿದಾಗ ಅಲ್ಲಿನ ನಾವಾತ್ಲ್ ಭಾಷೆಯ ಜನ ತಿನ್ನುತ್ತಿದ್ದುದು ತ್ಲಶ್ಕಲ್ಲಿ. ಬೇಯಿಸಿದ್ದು, ಸುಟ್ಟಿದ್ದು ಎಂಬ ಅರ್ಥದ ಮಾತು ಅದು. ತ್ಲಶ್ಕಾಲ ಎಂಬ ಊರಿನ ಹೆಸರಲ್ಲೂ ಅದೇ ಇದೆ. ಸ್ಪೇನಿನವರಿಗೆ ಕಂಡದ್ದು ಗುಂಡಗಿನ ಚಪ್ಪಟೆ ವಸ್ತು. ತಮ್ಮ ಊರಲ್ಲಿ ದುಂಡನೆಯ ಕೇಕಿಗೆ ತೊರ್ತ ಎನ್ನುತ್ತಿದ್ದರು, ಇದು ಪುಟ್ಟದಾದ್ದರಿಂದ ತೊರ್ತಿಯ ಎಂದರು. ಇಂಗ್ಲಿಷಿನ ಮೂಲಕ ನಮಗೆ ‘ಟಾರ್ಟಿಲ್ಲಾ’ ಆಗಿ ತಲುಪಿದ್ದು ಅದೇ. ಸ್ಪೇನಿಗೆ ಹೋಗಿ ಇಂದು ತೊರ್ತಿಯ ಕೇಳಿದರೆ ಮೊಟ್ಟೆ, ಆಲೂಗಡ್ಡೆಯ ದಪ್ಪ ಆಮ್ಲೆಟ್ ಬರುತ್ತದೆ. ಅಲ್ಲಿಗೂ ಇಲ್ಲಿಗೂ ಸಾಮ್ಯ ಎಂದರೆ ಗುಂಡಗಿರುವುದಷ್ಟೇ. ಮೆಕ್ಕೆಜೋಳದ ಹೆಸರಾದ ‘ಮಾಯ್ಸ್’ ಕೂಡ ಮೆಕ್ಸಿಕೋದ್ದಲ್ಲ, ಕೆರಿಬಿಯನ್ ದ್ವೀಪಗಳ ತಾಯಿನೊ ಜನರ ಮಾತು. ಸ್ಪೇನಿನವರು ಮೊದಲು ಅಲ್ಲಿ ಕೇಳಿದ್ದನ್ನೇ ಇಲ್ಲಿಗೂ ಹೊತ್ತು ತಂದರು. ನಾವಾತ್ಲಿನಲ್ಲಾದರೋ ಬೆಳೆಯ ಒಂದೊಂದು ಹಂತಕ್ಕೂ ಒಂದೊಂದು ಮಾತಿತ್ತು. ಎಳೆಯ ತೆನೆಗೆ ಎಲೋತ್ಲ್, ಒಣಗಿದ ತೆನೆಗೆ ಸೆಂತ್ಲಿ, ಬಿಡಿಸಿದ ಕಾಳಿಗೆ ತ್ಲಾಒಲ್ಲಿ. ಉತ್ತರ ಕರ್ನಾಟಕದವರು ಹಾಲುಗಾಳಿನ ಜೋಳದ ತೆನೆಗೆ ‘ಸೀತನಿ’ ಎಂಬ ಬೇರೆಯೇ ಹೆಸರಿಟ್ಟಿರುವುದನ್ನು ನೆನೆದರೆ, ಬೆಳೆಯೊಂದಿಗೆ ಬಾಳಿದವರ ಭಾಷೆಯಲ್ಲಿ ಹೀಗೆ ಬಗೆಬಗೆಯಾಗಿ ಹೆಸರು ಹುಟ್ಟುವುದು ಸಹಜವೆಂದು ತಿಳಿಯುತ್ತದೆ. ಹೊರಗಿನಿಂದ ಬಂದವನಿಗೆ ಇದೆಲ್ಲ ಬೇಕಿರಲಿಲ್ಲ.

ಸ್ಪೇನಿನವರನ್ನು ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅಮೆರಿಕದಿಂದ ಬಂದ ಕೆಂಪು ಕಾಯಿಗೆ ನಾವೂ ನಮ್ಮ ಕರಿಮೆಣಸಿನ ಹೆಸರನ್ನೇ ಹಚ್ಚಿ ಮೆಣಸಿನಕಾಯಿ ಎಂದೆವು. ಸ್ಪ್ಯಾನಿಷಿನಲ್ಲೂ ಹಾಗೆಯೇ ಪಿಮಿಯೆಂತ ಎಂಬ ಕರಿಮೆಣಸಿನಿಂದ ಪಿಮಿಯೆಂತೊ ಆಯಿತು. ಮೆಕ್ಕೆಜೋಳವನ್ನು ನಾವು ಜೋಳದ ಮನೆತನಕ್ಕೆ ಸೇರಿಸಿಕೊಂಡೆವು. ಕೆಲವರು ಅದನ್ನು ಮುಸುಕಿನ ಜೋಳ ಎಂದರು. ಸಿಪ್ಪೆಯ ಮುಸುಕು ಹೊದ್ದ ಜೋಳ, ಕೇಳಲು ಚೆಂದದ ಹೆಸರು. ಇನ್ನು ಕೆಲವರು ಗೋವಿನಜೋಳ ಎಂದರು, ಕೇಳಿದವರಿಗೆ ದನದ ಮೇವೆಂದೇ ಅನ್ನಿಸುತ್ತದೆ. ಮನೆಗೆ ಬಂದ ಅಪರಿಚಿತನಿಗೆ ಪರಿಚಿತನ ಹೆಸರಿಟ್ಟು ಕರೆಯುವುದು ಎಲ್ಲ ಭಾಷೆಗಳೂ ಮಾಡುವ ಕೆಲಸ, ಅದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ. ಬೆಳೆ ಇಲ್ಲಿ ಬೇರುಬಿಟ್ಟು ಮೂರು ನಾಲ್ಕು ತಲೆಮಾರು ಹೊಲದಲ್ಲಿ, ಅಡುಗೆಮನೆಯಲ್ಲಿ ಓಡಾಡಿದ ಮೇಲೆ ಹಾಗೆ ಹುಟ್ಟಿದ ಹೆಸರು ನಮ್ಮದೇ ಆಗುತ್ತದೆ. ಗೊರ್ದಿತ ಇಲ್ಲಿ ಬೇರುಬಿಟ್ಟಿಲ್ಲ. ಅದು ಇನ್ನೂ ಅಲ್ಲಿನದೇ. ಅಲ್ಲೇ ಇರುವ ವಸ್ತುವಿಗೆ ಇಲ್ಲಿ ಕೂತು ಹೆಸರಿಟ್ಟರೆ ಅದು ಪತ್ರಿಕೆಯ ಮೇಜಿನ ಮೇಲೆ ಆತುರದಲ್ಲಿ ಅಂಟಿಸಿದ ಚೀಟಿಯಾಗುತ್ತದೆಯೇ ಹೊರತು, ಮೆಣಸಿನಕಾಯಿಯಂಥ ಹೆಸರಾಗುವುದಿಲ್ಲ.

ಕಣ್ಣಿಗೆ ಕಂಡ ಆಕಾರಕ್ಕೆ ಹೆಸರಿಟ್ಟರೆ ಕಣ್ಣಿಗೆ ಕಾಣದ ಕೆಲಸ ಮರೆಯಾಗುತ್ತದೆ. ಈ ತಿನಿಸಿನಲ್ಲಿ ಮರೆಯಾದ ಕೆಲಸ ಸಣ್ಣದೇನಲ್ಲ. ಮೆಕ್ಸಿಕೋದಲ್ಲಿ ಒಣ ಮೆಕ್ಕೆಜೋಳವನ್ನು ನೇರವಾಗಿ ಬೀಸಿ ಹಿಟ್ಟು ಮಾಡಿ ರೊಟ್ಟಿ ತಟ್ಟುವುದಿಲ್ಲ. ಕಾಳನ್ನು ಸುಣ್ಣ ಹಾಕಿದ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಗ್ಗೆ ಕಾಳಿನ ಹೊರಸಿಪ್ಪೆ ಲೋಳೆಯಂತಾಗಿ ಕಳಚಿಕೊಳ್ಳುತ್ತದೆ. ಅದನ್ನು ಉಜ್ಜಿ ತೊಳೆದು, ಒದ್ದೆ ಕಾಳನ್ನೇ ಕಲ್ಲಿನ ಮೇಲೆ ಅರೆದರೆ ಬರುವುದು ಮಾಸ ಎಂಬ ಹಸಿ ಹಿಟ್ಟು. ಸುಣ್ಣದಲ್ಲಿ ಬೆಂದ ಆ ಕಾಳಿಗೆ ನಿಶ್ತಮಾಲ್ ಎಂದು ಹೆಸರು, ಬೂದಿ ಎಂಬ ಅರ್ಥದ ನಾವಾತ್ಲ್ ಮಾತು ಅದರಲ್ಲಿದೆ. ಸುಣ್ಣದ ಬದಲು ಬೂದಿಯ ತಿಳಿ ಬಳಸುವುದೂ ಉಂಟು. ಈ ಪದ್ಧತಿಗೆ ಮೂರು ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸು. ಇದರಿಂದ ಆಗುವ ಲಾಭ ಹಲವು. ಸಾದಾ ಮೆಕ್ಕೆಜೋಳದ ಹಿಟ್ಟಿಗೆ ಅಂಟಿನ ಗುಣವಿಲ್ಲ, ತಟ್ಟಿದರೆ ಅಂಚು ಬಿರಿಯುತ್ತದೆ. ಸುಣ್ಣದಲ್ಲಿ ಬೆಂದ ಕಾಳಿನ ಹಿಟ್ಟು ಕೂಡಿಕೊಳ್ಳುತ್ತದೆ, ಬೇಯುವಾಗ ಉಬ್ಬುತ್ತದೆ. ಸುಣ್ಣದ ಕ್ಯಾಲ್ಸಿಯಂ ಊಟಕ್ಕೆ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಳಿನಲ್ಲಿ ಕಟ್ಟಿಹಾಕಿದಂತೆ ಇರುವ, ಹಾಗೆಯೇ ತಿಂದರೆ ನಮ್ಮ ಮೈಗೆ ದಕ್ಕದ ನಯಾಸಿನ್ ಎಂಬ ಬಿ ಜೀವಸತ್ವ ಬಿಡುಗಡೆಯಾಗುತ್ತದೆ. ಗೊರ್ದಿತ ಸೀಳಿದಾಗ ಜೇಬಿನಂತೆ ಬಾಯಿ ತೆರೆಯುವುದು, ತುಂಬಿದ ಸಾರು ಸೋರದೆ ನಿಲ್ಲುವುದು ಈ ಸುಣ್ಣದ ದೆಸೆಯಿಂದ. ದಪ್ಪ ಎಂಬುದು ನೋಡಿದವನ ಮಾತು, ಸುಣ್ಣ ಎಂಬುದು ಮಾಡಿದವಳ ಮಾತು.

ಮಾಡಿದವಳು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಮೆತಾತೆ ಎಂಬ ಇಳಿಜಾರು ಕಲ್ಲಿನ ಮುಂದೆ ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ಗುಂಡು ಹಿಡಿದು, ಮನೆಯ ಹೆಂಗಸರು ದಿನಕ್ಕೆ ಗಂಟೆಗಟ್ಟಲೆ ಅರೆಯುತ್ತಿದ್ದರು. ನಸುಕಿಗೆ ಮುಂಚೆ ಶುರುವಾಗುತ್ತಿದ್ದ ಕೆಲಸ ಅದು. ಮಾಸ ಬೇಗ ಹುಳಿಯಾಗುವುದರಿಂದ ಇಂದು ಅರೆದದ್ದು ನಾಳೆಗೆ ಬರುತ್ತಿರಲಿಲ್ಲ. ನಿಶ್ತಮಾಲ್ ಅರೆಯುವ ಗಿರಣಿಗಳು ಹಳ್ಳಿಗಳಿಗೆ ಬಂದದ್ದು ಕಳೆದ ಶತಮಾನದಲ್ಲಿ. ಒಣ ಮಾಸ ಪುಡಿಯ ದೊಡ್ಡ ಕಂಪನಿ ಗ್ರೂಮಾ ನುವೆವೊ ಲೆಯೋನ್ ರಾಜ್ಯದಲ್ಲಿ ಹುಟ್ಟಿದ್ದು 1949ರಲ್ಲಿ. ಪುಡಿಯ ರುಚಿ ಕಲ್ಲಿನಲ್ಲಿ ಅರೆದದ್ದರ ಹತ್ತಿರ ಬರುವುದಿಲ್ಲ ಎಂದು ರುಚಿಬಲ್ಲವರು ಇಂದಿಗೂ ಕೊರಗುತ್ತಾರೆ. ಕಲ್ಲಿನ ಮುಂದೆ ಕೂತವರ ಮೊಣಕಾಲನ್ನು ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತೇನೋ.

ಮರೆಯಾದ ಆ ಕೆಲಸಕ್ಕೆ ಜಗತ್ತು ತೆತ್ತ ಬೆಲೆಯನ್ನು ನೋಡಿ. ಮೆಕ್ಕೆಜೋಳದ ಬೀಜ ಹಡಗು ಹತ್ತಿ ಯುರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಹೋಗಲಿಲ್ಲ. ಸ್ಪೇನಿನ ಆಸ್ತೂರಿಯಾಸ್ ಪ್ರಾಂತದಲ್ಲಿ 1735ರ ಸುಮಾರಿಗೆ ಗಾಸ್ಪಾರ್ ಕಸಾಲ್ ಎಂಬ ವೈದ್ಯ, ಮೆಕ್ಕೆಜೋಳವನ್ನೇ ನೆಚ್ಚಿಕೊಂಡ ಬಡ ರೈತರಲ್ಲಿ ಹೊಸದೊಂದು ಕಾಯಿಲೆಯನ್ನು ಗುರುತಿಸಿದ. ಬಿಸಿಲು ಬೀಳುವ ಕಡೆ ಚರ್ಮ ಕೆಂಪಾಗಿ ಒರಟಾಗುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. 1771ರಲ್ಲಿ ಇಟಲಿಯಲ್ಲಿ ಅದಕ್ಕೆ ಪೆಲಾಗ್ರ ಎಂಬ ಹೆಸರು ಅಚ್ಚಾಯಿತು. ಒರಟು ಚರ್ಮ ಎಂದೇ ಅರ್ಥ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಕೂಲಿಗಳನ್ನು, ಗಿರಣಿ ಕಾರ್ಮಿಕರನ್ನು ಅದು ಸಾವಿರ ಸಾವಿರ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತು. 1914ರಲ್ಲಿ ಸರ್ಕಾರ ಕಳಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಪಟ್ಟುಹಿಡಿದು ತೋರಿಸಬೇಕಾಯಿತು. ಆ ಕೊರತೆಯ ವಸ್ತು ನಯಾಸಿನ್ ಎಂದು ಖಚಿತವಾದದ್ದು 1937ರಲ್ಲಿ. ಇಷ್ಟೆಲ್ಲ ನಡೆಯುತ್ತಿದ್ದಾಗ ಮೆಕ್ಸಿಕೋದ ಹಳ್ಳಿಗಳಲ್ಲಿ ಅದೇ ಕಾಳನ್ನು ಮೂರು ಹೊತ್ತೂ ತಿನ್ನುತ್ತಿದ್ದವರಿಗೆ ಈ ಕಾಯಿಲೆ ಅಪರೂಪ. ‘ತೊರ್ತಿಯ’ ಎಂಬ ಹೆಸರಿನಿಂದಲೇ ಜನ ಸತ್ತರು ಎಂದರೆ ಅತಿಯಾದೀತು. ಬಡತನ, ಬೇರೆ ಆಹಾರ ಸಿಗದಿರುವುದು, ಕೂಲಿಯ ಕ್ರೂರ ಲೆಕ್ಕ, ಇವೇ ಕಾರಣ. ಆದರೆ ವಸ್ತುವನ್ನು ಆಕಾರದಿಂದ ಮಾತ್ರ ಗುರುತಿಸುವ ಕಣ್ಣಿಗೂ, ಬೀಜ ಸಾಕು, ಅಡುಗೆಯವಳ ಮಾತು ಬೇಡ ಎನ್ನುವ ಮನಸ್ಸಿಗೂ ನಂಟಿದೆ. ಹೆಸರು ರೋಗದ ಕಾರಣವಲ್ಲ, ಆ ಮನಸ್ಸಿನ ಗುರುತು. ದಖ್ಖಣದ ಓದುಗರಿಗೆ ಈ ಕಾಯಿಲೆ ತೀರ ದೂರದ್ದೂ ಅಲ್ಲ. ಜೋಳವನ್ನೇ ಉಂಡು ಬದುಕುವ ಬಡವರಲ್ಲಿ ಪೆಲಾಗ್ರ ಕಾಣಿಸುವುದನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಹೊತ್ತಿಗೆ ಅಭ್ಯಾಸ ಮಾಡಿದ್ದರು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಗೊರ್ದಿತವೂ ಸ್ಪ್ಯಾನಿಷ್ ಮಾತೇ ತಾನೆ? ಅದೂ ಆಕಾರದ ಹೆಸರೇ ತಾನೆ? ಗೆದ್ದವರ ಭಾಷೆ ತ್ಲಶ್ಕಲ್ಲಿಯನ್ನು ಮರೆಮಾಡಿತು ಎಂದು ದೂರುತ್ತ, ಅದೇ ಭಾಷೆಯ ಇನ್ನೊಂದು ಮಾತನ್ನು ಕನ್ನಡಕ್ಕೆ ತನ್ನಿ ಎನ್ನುವುದು ಎಂಥ ನ್ಯಾಯ? ಆಕ್ಷೇಪದ ಅರ್ಧ ನಿಜ. ಆದರೆ ಒಂದು ಮಾತು ಯಾರದು ಎಂಬುದನ್ನು ಅದು ಹುಟ್ಟಿದ ಊರಿಗಿಂತ ಬಾಳಿದ ಊರು ತೀರ್ಮಾನಿಸುತ್ತದೆ. ಮ್ಯಾಡ್ರಿಡ್ಡಿನಲ್ಲಿ ಗೊರ್ದಿತ ಎಂದರೆ ಗುಂಡುಗುಂಡಾದ ಹುಡುಗಿ, ಅಷ್ಟೇ. ಆ ಮಾತಿಗೆ ಮೆಕ್ಕೆಜೋಳದ ಬಿಲ್ಲೆ ಎಂಬ ಅರ್ಥ ಕೊಟ್ಟವರು ಕಾವಲಿಯ ಮುಂದೆ ಕೂತ ಮೆಕ್ಸಿಕೋದ ಹೆಂಗಸರು. ಗೆದ್ದವರ ಭಾಷೆಯನ್ನು ಮನೆಯೊಳಗೆ ಬಿಟ್ಟುಕೊಂಡು, ಅದರ ಕೈಗೆ ಹಿಟ್ಟು ಕೊಟ್ಟು ಕೆಲಸಕ್ಕೆ ಹಚ್ಚಿದವರು ಅವರು. ಈ ಜನರ ಊಟವನ್ನು ಅವರ ನಾಡಿನ ದೊಡ್ಡವರೇ ಕೀಳಾಗಿ ಕಂಡದ್ದುಂಟು. ಫ್ರಾನ್ಸಿಸ್ಕೊ ಬುಲ್ನೆಸ್ ಎಂಬ ಮೆಕ್ಸಿಕೋದ ರಾಜಕಾರಣಿ 1899ರಲ್ಲಿ ಬರೆದ ಪುಸ್ತಕದಲ್ಲಿ ಮನುಕುಲವನ್ನು ಗೋಧಿಯವರು, ಅಕ್ಕಿಯವರು, ಮೆಕ್ಕೆಜೋಳದವರು ಎಂದು ಮೂರು ಪಾಲು ಮಾಡಿ, ಗೋಧಿ ತಿನ್ನುವವರಿಗೆ ಮಾತ್ರ ಮುನ್ನಡೆಯುವ ಯೋಗ ಎಂದು ವಾದಿಸಿದ್ದ. ಅಕ್ಕಿ ತಿನ್ನುವ ನಾವೂ ಅವನ ಲೆಕ್ಕದಲ್ಲಿ ಪಾಸಾಗಿರಲಿಲ್ಲ. ಅಂಥ ಮಾತುಗಳ ನಡುವೆಯೂ ಗೊರ್ದಿತ ಎಂಬ ಮುದ್ದಿನ ಹೆಸರು ಬೀದಿಯಲ್ಲಿ ಉಳಿಯಿತು. 2010ರಲ್ಲಿ ಯುನೆಸ್ಕೊ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಿಶ್ತಮಾಲ್ ವಿದ್ಯೆಯನ್ನು ಹೆಸರಿಸಿಯೇ ಎತ್ತಿ ಹೇಳಿತು. ಹೀಗಾಗಿ ಗೊರ್ದಿತ ಎಂದು ಬರೆದರೆ ನಾವು ಕೊರ್ತೇಸನ ಕಡೆ ನಿಲ್ಲುವುದಿಲ್ಲ, ಕಾವಲಿಯ ಕಡೆ ನಿಲ್ಲುತ್ತೇವೆ. ಹೆಸರಿನಲ್ಲಿ ಸುಣ್ಣವಿಲ್ಲ ಎಂಬ ಕೊರತೆ ಇದ್ದೇ ಇದೆ. ಅದಕ್ಕೇ ಹೆಸರಿನ ಜೊತೆಗೆ ವಿವರವೂ ಬೇಕು ಎಂದದ್ದು.

ಇನ್ನೊಂದು ಆಕ್ಷೇಪ ಕನ್ನಡದ ಮೇಲಿನ ಕಾಳಜಿಯಿಂದ ಬರುವಂಥದ್ದು. ಹೊರಗಿನ ಮಾತುಗಳಿಂದ ಕನ್ನಡ ಈಗಾಗಲೇ ತುಂಬಿ ತುಳುಕುತ್ತಿದೆ, ಇನ್ನೊಂದು ಯಾಕೆ ಎಂಬ ಪ್ರಶ್ನೆ. ಇಂಗ್ಲಿಷಿನ ವಿಷಯದಲ್ಲಿ ಈ ಆತಂಕಕ್ಕೆ ಅರ್ಥವಿದೆ. ಅಡುಗೆ ಎನ್ನಬಹುದಾದ ಕಡೆ ಕುಕಿಂಗ್ ಎನ್ನುವುದು ಸೋಮಾರಿತನ, ಇದ್ದ ಮಾತನ್ನು ಹೊರಗೆ ಹಾಕುವುದು. ಗೊರ್ದಿತ ಯಾವ ಕನ್ನಡ ಮಾತನ್ನೂ ಹೊರಗೆ ಹಾಕುವುದಿಲ್ಲ, ಯಾಕೆಂದರೆ ಆ ವಸ್ತುವಿಗೆ ಇಲ್ಲಿ ಮಾತೇ ಇಲ್ಲ. ಮೆಕ್ಸಿಕೋದಿಂದ ನಮಗೆ ಬಂದ ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಚಾಯೊತ್ಲಿ ಎಂಬ ತರಕಾರಿಗೆ ನಾವು ಸೀಮೆಬದನೆ ಎಂದೆವು. ತ್ಸಾಪೋತ್ಲ್ ಎಂಬ ಹಣ್ಣನ್ನು ಹೆಸರಿನ ಸಮೇತ ತಂದುಕೊಂಡು ಸಪೋಟ ಎಂದೆವು. ಸೀಮೆಬದನೆ ಬದನೆಯ ಜಾತಿಯದಲ್ಲ, ಸೌತೆ, ಕುಂಬಳದ ನೆಂಟ. ಅದರ ಕನ್ನಡ ಹೆಸರು ಇದನ್ನು ಹೇಳುವುದಿರಲಿ, ದಾರಿ ತಪ್ಪಿಸುತ್ತದೆ. ಸಪೋಟ ಎಂಬುದು ಹೊರಗಿನ ಮಾತೆಂದು ಹಣ್ಣಿನ ಗಾಡಿಯ ಮುಂದೆ ಇಂದು ಯಾರಿಗೂ ಅನ್ನಿಸುವುದಿಲ್ಲ. ಟೊಮೇಟೊ, ಕೋಕೋ, ಚಾಕೊಲೇಟ್ ಎನ್ನುವಾಗಲೂ ನಮ್ಮ ಬಾಯಲ್ಲಿ ನಾವಾತ್ಲ್ ಆಡುತ್ತದೆ. ಕೇಳಿದ ಮಾತನ್ನು ಹಾಗೇ ತಂದುಕೊಂಡದ್ದರಿಂದ ಕನ್ನಡ ಸೊರಗಿದ್ದಕ್ಕೆ ಸಾಕ್ಷಿ ಇಲ್ಲಿ ಸಿಗುವುದಿಲ್ಲ.

ಹಾಗಾದರೆ ಹೋಳಿಗೆ, ಕಡುಬು ಎಂಬ ನಮ್ಮ ಮಾತುಗಳು ಏಕಾಗಬಾರದು? ಹೋಲಿಸಲು ಧಾರಾಳವಾಗಿ ಬಳಸಬಹುದು, ಬಳಸಬೇಕು ಕೂಡ. ಹೋಳಿಗೆಯಲ್ಲಿ ಹೂರಣವನ್ನು ಕಣಕದೊಳಗೆ ಮುಚ್ಚಿ ಆಮೇಲೆ ತಟ್ಟುತ್ತೇವೆ. ಗೊರ್ದಿತದಲ್ಲಿ ಮೊದಲು ಬೇಯಿಸಿ, ಆಮೇಲೆ ಸೀಳಿ, ಕೊನೆಗೆ ತುಂಬುತ್ತಾರೆ. ಹೀಗೆ ಹೇಳಿದರೆ ಓದುಗರ ಕಣ್ಣಿಗೆ ಕಟ್ಟುತ್ತದೆ. ಹೋಲಿಕೆಯ ಬಲ ಇರುವುದೇ ಎರಡು ವಸ್ತುಗಳು ಬೇರೆ ಬೇರೆ ಎಂಬಲ್ಲಿ. ಹೋಲಿಕೆಯನ್ನೇ ಹೆಸರಾಗಿಸಿ ‘ಮೆಕ್ಸಿಕನ್ ಹೋಳಿಗೆ’ ಎಂದುಬಿಟ್ಟರೆ ವ್ಯತ್ಯಾಸ ಸತ್ತುಹೋಗುತ್ತದೆ, ಅದರ ಜೊತೆಗೆ ನಮ್ಮ ಕುತೂಹಲವೂ.

ಮಾತನ್ನು ತಂದುಕೊಂಡರೂ ಒಳಗಿನ ತಿರುಳು ಬರದೇ ಹೋಗಬಹುದು ಎಂಬುದು ನನ್ನ ವಾದಕ್ಕಿರುವ ನಿಜವಾದ ಪೆಟ್ಟು, ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ಅಮೆರಿಕದ ಟಾಕೊ ಬೆಲ್ ಕಂಪನಿ 1998ರಲ್ಲಿ ಗೊರ್ದಿತ ಎಂಬ ಹೆಸರಿನಲ್ಲೇ ಒಂದು ತಿನಿಸನ್ನು ಮಾರುಕಟ್ಟೆಗೆ ತಂದಿತು. ಚಿವಾವಾ ನಾಯಿಯೊಂದಕ್ಕೆ ಕ್ರಾಂತಿಕಾರಿಯ ಟೋಪಿ ತೊಡಿಸಿ ಗೊರ್ದಿತಕ್ಕೆ ಜೈಕಾರ ಹಾಕಿಸಿದ ಜಾಹೀರಾತು ಅಲ್ಲಿ ಮನೆಮಾತಾಗಿತ್ತು. ಅದರೊಳಗೆ ಇದ್ದದ್ದು ಗೋಧಿಯ ಮೆತ್ತನೆಯ ರೊಟ್ಟಿ, ನಡುವೆ ಮಡಚಿದ್ದು. ಮೆಕ್ಕೆಜೋಳವಿಲ್ಲ, ಸುಣ್ಣವಿಲ್ಲ, ಸೀಳಿದ ಜೇಬಿಲ್ಲ. ಭಾರತದಲ್ಲಿ ಅದೇ ಕಂಪನಿಯ ಮೊದಲ ಅಂಗಡಿ 2010ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ, ಆದ್ದರಿಂದ ನಮ್ಮಲ್ಲಿ ಹಲವರಿಗೆ ಮೆಕ್ಸಿಕೋದ ಹೆಸರುಗಳು ಪರಿಚಯವಾದದ್ದೇ ಆ ಬಾಗಿಲಿನಿಂದ. ಇದಕ್ಕೆ ಒಬ್ಬರು ಮರುಮಾತು ಹೇಳಬಹುದು: ಮೆಕ್ಸಿಕೋದ ಉತ್ತರದ ರಾಜ್ಯಗಳಲ್ಲಿ ಗೋಧಿಯ ಗೊರ್ದಿತ ಇಲ್ಲವೇ? ಇದೆ. ದುರಾಂಗೊ, ಕೊವಾವಿಲ ಕಡೆ ಸ್ಪೇನಿನವರು ತಂದ ಗೋಧಿ ಚೆನ್ನಾಗಿ ಬೆಳೆಯಿತು, ಅಡುಗೆಯೂ ಹೊಂದಿಕೊಂಡಿತು. ಆದರೆ ಅಲ್ಲಿನವರು ಅದನ್ನು ಹಿಟ್ಟಿನ ಗೊರ್ದಿತ ಎಂದು ಬಿಡಿಸಿ ಹೇಳುತ್ತಾರೆ. ಹಿಟ್ಟು ಎಂದರೆ ಅಲ್ಲಿ ಗೋಧಿಹಿಟ್ಟು. ಗಿರಾಕಿ ಮೆಕ್ಕೆಜೋಳದ್ದೋ ಹಿಟ್ಟಿನದ್ದೋ ಎಂದು ಆರಿಸಿಕೊಳ್ಳುತ್ತಾನೆ. ಬದಲಾದದ್ದನ್ನು ಬದಲಾಗಿದೆ ಎಂದು ಹೇಳುವ ಪ್ರಾಮಾಣಿಕತೆ ಆ ಮಾತಿನಲ್ಲಿದೆ, ಜಾಹೀರಾತಿನ ನಾಯಿಯಲ್ಲಿ ಇರಲಿಲ್ಲ. ಒಬ್ಬರು ಹೆಸರನ್ನು ಕೆಡಿಸಿದರೆಂದು ಆ ಹೆಸರನ್ನೇ ಬಿಡುವುದಕ್ಕಿಂತ, ಅದರ ಅರ್ಥವನ್ನು ಸರಿಯಾಗಿ ಬರೆದು ಉಳಿಸುವುದು ಪತ್ರಿಕೆಗಳಿಗೆ ಒಪ್ಪುವ ಕೆಲಸ.

ಮೆಕ್ಸಿಕೋದ ದಕ್ಷಿಣಕ್ಕೆ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶವಿದೆ. ಅಲ್ಲಿಯ ಪುಪೂಸ ಕೂಡ ಹೂರಣ ತುಂಬಿದ ದಪ್ಪ ಬಿಲ್ಲೆಯೇ, ಆದರೆ ಹೂರಣವನ್ನು ಹೋಳಿಗೆಯಂತೆ ಮೊದಲೇ ಮುಚ್ಚುತ್ತಾರೆ, ಜೊತೆಗೆ ಹುಳಿಗೆ ಹಾಕಿದ ಎಲೆಕೋಸು ಕೊಡುತ್ತಾರೆ. ಓಲೋಕ್ವಿಲ್ತ ಎಂಬ ಊರಲ್ಲಿ ಅದನ್ನು ಅಕ್ಕಿಹಿಟ್ಟಿನಿಂದ ಮಾಡುವುದಕ್ಕೇ ಹೆಸರು. 2005ರಲ್ಲಿ ಆ ದೇಶದ ಶಾಸನಸಭೆ ಪುಪೂಸವನ್ನು ರಾಷ್ಟ್ರೀಯ ತಿನಿಸೆಂದು ಸಾರಿ, ನವೆಂಬರ್ ತಿಂಗಳ ಎರಡನೆಯ ಭಾನುವಾರವನ್ನು ಪುಪೂಸದ ದಿನವಾಗಿ ಗೊತ್ತುಮಾಡಿತು. ನೆರೆಯ ಹೊಂಡುರಾಸಿನವರು ಅದು ತಮ್ಮದೂ ಹೌದೆಂದು ವಾದಿಸುತ್ತಲೇ ಇದ್ದಾರೆ. ಮೈಸೂರು ಪಾಕಿನ ಒಡೆತನಕ್ಕೆ ತಮಿಳುನಾಡಿನವರೊಂದಿಗೆ ಜಗಳ ಕಾದ ನಮಗೆ ಇದು ವಿಚಿತ್ರವೆನಿಸಬಾರದು. ಯುದ್ಧ, ಬಡತನದಿಂದ ಊರು ಬಿಟ್ಟು ಅಮೆರಿಕ ಸೇರಿದ ಸಾಲ್ವಡಾರಿನವರು ಲಾಸ್ ಏಂಜಲೀಸಿನಲ್ಲಿ, ವಾಷಿಂಗ್ಟನ್ನಿನ ಸುತ್ತಮುತ್ತ ಅಂಗಡಿ ತೆರೆದಾಗ ಬೋರ್ಡಿನ ಮೇಲೆ ಪುಪೂಸ ಎಂದೇ ಬರೆಸಿದರು. ಅರ್ಥ ಬಿಡಿಸಿ ಬರೆದಿದ್ದರೆ ಗಿರಾಕಿ ಬೇಗ ಬರುತ್ತಿದ್ದನೇನೋ. ಅವರು ಆ ದಾರಿ ಹಿಡಿಯಲಿಲ್ಲ, ಗಿರಾಕಿಯೇ ಮಾತು ಕಲಿತ.

ಇನ್ನು ಬರೆಯುವ ಬಗೆ. ಇಂಗ್ಲಿಷ್ ಕಾಗುಣಿತವನ್ನು ಎದುರಿಟ್ಟುಕೊಂಡು ‘ಗಾರ್ಡಿಟಾ’ ಎಂದು ಬರೆದರೆ ಅಲ್ಲಿಯದೂ ಅಲ್ಲದ, ಇಲ್ಲಿಯದೂ ಅಲ್ಲದ ರೂಪ ಹುಟ್ಟುತ್ತದೆ. ಸ್ಪ್ಯಾನಿಷಿನ ದಕಾರ, ತಕಾರಗಳು ಹಲ್ಲಿಗೆ ನಾಲಿಗೆ ತಾಗಿ ಹುಟ್ಟುವಂಥವು, ನಮ್ಮ ದ, ತ ಇದ್ದ ಹಾಗೆ. ಇಂಗ್ಲಿಷಿಗೆ ಅವನ್ನು ಬೇರೆಯಾಗಿ ಬರೆಯುವ ಅಕ್ಷರವಿಲ್ಲ, ಕನ್ನಡಕ್ಕಿದೆ. ಎರಡೂ ಬಗೆಯ ಅಕ್ಷರ ಕೈಯಲ್ಲಿದ್ದೂ ಇಂಗ್ಲಿಷಿನ ಬಡತನವನ್ನು ಸಾಲ ತರುವುದು ಯಾವ ವ್ಯಾಪಾರ? ಟಾರ್ಟಿಲ್ಲಾ ಎಂಬುದು ಮೆನುಗಳಲ್ಲಿ ಹಳತಾಗಿ ಕೂತಿದೆ, ಅದನ್ನು ಕದಲಿಸುವುದು ಕಷ್ಟ. ಗೊರ್ದಿತ ಇನ್ನೂ ಹೊಸತು, ಮೊದಲ ಸಲವೇ ಸರಿಯಾಗಿ ಬರೆಯಬಹುದು. ಕನ್ನಡದ ವಿಭಕ್ತಿಗಳಿಗೂ ಅದು ತಕರಾರಿಲ್ಲದೆ ಒಗ್ಗುತ್ತದೆ: ಗೊರ್ದಿತವನ್ನು, ಗೊರ್ದಿತಕ್ಕೆ, ಗೊರ್ದಿತದೊಳಗೆ.

ಕೊನೆಗೆ ಉಳಿಯುವುದು ಇಲ್ಲೇ ಮಾಡಿದರೆ ಏನೆನ್ನಬೇಕು ಎಂಬ ಪ್ರಶ್ನೆ. ದೇಶದಲ್ಲಿ ಮೆಕ್ಕೆಜೋಳ ಹೆಚ್ಚು ಬೆಳೆಯುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದಾವಣಗೆರೆ, ಹಾವೇರಿಯ ಹೊಲಗಳಿಂದ ಹೊರಟ ಕಾಳಿನಲ್ಲಿ ಬಹುಪಾಲು ಕೋಳಿಯ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗಳಿಗೆ ಹೋಗುತ್ತದೆ, ಅಡುಗೆಮನೆಗೆ ಬರುವುದು ಕಡಿಮೆ. ಅಂಗಡಿಯ ಒಣ ಮೆಕ್ಕೆಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಜೋಳದ ರೊಟ್ಟಿಯಂತೆ ನಾದಿ, ದಪ್ಪಗೆ ತಟ್ಟಿ, ಬದನೆಕಾಯಿ ಎಣ್ಣೆಗಾಯಿ ಇಟ್ಟುಕೊಂಡು ತಿಂದರೆ ಅದನ್ನು ರೊಟ್ಟಿ ಎಂದೇ ಕರೆಯಲಿ, ಒಳ್ಳೆಯ ರೊಟ್ಟಿಯೇ ಅದು. ಕಾಳನ್ನೇ ತಂದು, ಕಿಲೋಗೆ ಸುಮಾರು 10 ಗ್ರಾಂ ತಿನ್ನುವ ಸುಣ್ಣ ಹಾಕಿ ಕುದಿಸಿ, ರಾತ್ರಿ ನೆನೆಸಿ, ಬೆಳಗ್ಗೆ ಸಿಪ್ಪೆ ಉಜ್ಜಿ ತೊಳೆದು ಗ್ರೈಂಡರಿನಲ್ಲಿ ಗಟ್ಟಿಯಾಗಿ ಅರೆದವರ ಮಾತು ಬೇರೆ. ಎಲೆಯಡಿಕೆಯ ಡಬ್ಬಿಯಲ್ಲಿರುವ ಸುಣ್ಣವೂ ಮೆಕ್ಸಿಕೋದ ಸುಣ್ಣವೂ ಒಂದೇ. ಅವರು ಬಿಲ್ಲೆಯ ಅಂಚು ಸೀಳಿ ಅದೇ ಎಣ್ಣೆಗಾಯಿಯನ್ನು ತುಂಬಿದರೂ ಸರಿ, ಹಾವೇರಿಯಲ್ಲಿ ಕೂತು ಅದನ್ನು ಗೊರ್ದಿತ ಎನ್ನಲು ಯಾರ ಅಪ್ಪಣೆಯೂ ಬೇಕಾಗಿಲ್ಲ.